ಗೇಟಿಗೆ ಕಟ್ಟಿದ ನಗು

ಪಟಪಟ, ಪಟಪಟ, ಮಿಲ್ಲಿನ ಅಂಗಳದಲ್ಲಿ ಏನೋ ಬಡಿದುಕೊಳ್ಳುತ್ತಿದೆ, ಗಾಳಿ ಎದ್ದಿದೆ, ಮಳೆ ಬರುವುದೇನೋ, ಬರಲಿ ಬಿಡು, ಲಲಿತಾ ಅಡುಗೆಮನೆಯ ಕಟ್ಟೆಗೆ ಒರಗಿ ಮೊಬೈಲಿನ ಮೇಲೆ ಬೆರಳು ಸರಿಸುತ್ತಾಳೆ, ಇದು ಎಷ್ಟನೆಯ ಸಿನಿಮಾ ವಿಮರ್ಶೆಯೋ, ಮೂರೂವರೆ ನಕ್ಷತ್ರ, ಮೊದಲ ಭಾಗದ ಮಜಾ ಎರಡನೆಯದರಲ್ಲಿ ಇಲ್ಲವಂತೆ, ಹುಡುಗಿಯ ಎದೆಯೊಳಗಿನ ಮರದಲ್ಲಿ ಸಿಟ್ಟು, ಅಳು, ಖುಷಿ ಎಂಬ ಹಕ್ಕಿಗಳಿದ್ದವಲ್ಲ, ಈ ಸಲ ಅವುಗಳ ನಡುವೆ ಸಂಕೋಚ ಎಂಬ ಬೂದುಹಕ್ಕಿ ಬಂದು ಕೂತು ಕಥೆಯನ್ನು ಎಳೆದುಬಿಟ್ಟಿದೆಯಂತೆ, ಕಾರ್ಟೂನಿಗೆ ಇಷ್ಟು ಭಾರ ಯಾಕೆ ಅಂತ ಒಬ್ಬರು, ಹರೆಯಕ್ಕೆ ಬಂದ ಮಕ್ಕಳನ್ನು ಕರೆದುಕೊಂಡು ತಾಯಂದಿರು ನೋಡಲೇಬೇಕು ಅಂತ ಇನ್ನೊಬ್ಬರು — ನೋಡಿದೆನಲ್ಲಪ್ಪ, ನೋಡಿದ್ದಕ್ಕೇ ಈ ಗತಿ — ನಿನ್ನೆ ಥೇಟರಿನಲ್ಲಿ ಆ ಹಕ್ಕಿ ಹುಡುಗಿಯ ಮುಖವನ್ನು ರೆಕ್ಕೆಯಿಂದ ಮುಚ್ಚಿದಾಗ ಮಂದಿ ನಕ್ಕರು, ಲಲಿತಾಳೂ ನಕ್ಕಳು, ಮಗ್ಗುಲಲ್ಲಿದ್ದ ಮಗಳು ಅಂಜಲಿ ನಗಲಿಲ್ಲ, ಬರುವಾಗ ಆಟೋದಲ್ಲಿ ಒಂದೇ ಮಾತು, ಆ ಹುಡುಗೀನ್ನ ಯಾರೂ ಗೇಟಿಗೆ ಕಟ್ಟಲಿಲ್ಲ ನೋಡವ್ವ, ಅಷ್ಟೇ, ಬಂದವಳೇ ಕೋಣೆಯ ಚಿಲಕ ಹಾಕಿಕೊಂಡಳು, ರೊಟ್ಟಿ ಇಟ್ಟಲ್ಲೇ ಒಣಗಿದೆ. ಕಟ್ಟಿದ್ದು ನಾನಲ್ಲವ್ವ, ನಿಮ್ಮಪ್ಪ, ಮಗಳು ದೊಡ್ಡಾಕಿ ಆಗ್ಯಾಳ, ಆರತಿ ಕಾರ್ಯ ನಾಕ್ ಮಂದಿಗೆ ಗೊತ್ತಾಗಬ್ಯಾಡೇನು, ಗಂಗಾವತ್ಯಾಗ ಎಲ್ಲಾರೂ ಹಾಕಸ್ತಾರ ಅಂತ ಪ್ರಭುರಾಜ ಮಿಲ್ಲಿನ ಗೇಟಿಗೆ ಆಳೆತ್ತರದ ಫ್ಲೆಕ್ಸು ಕಟ್ಟಿಸಿದ, ಸೀರೆಯುಟ್ಟು ಬಾಯ್ತುಂಬ ನಗುವ ಅಂಜಲಿ, ಅದರ ಮುಂದೆ ಸೈಕಲ್ಲು ನಿಲ್ಲಿಸಿದ ಹುಡುಗರು, ಕ್ಲಾಸಿನಲ್ಲಿ ದೊಡ್ಡಾಕಿ ಬಂದ್ಲು, ದಾರಿ ಬಿಡ್ರಲೇ ಅಂತ ನಗೆ, ಅತ್ತು ಅತ್ತು ಅವಳಿಗೆ ಜ್ವರ ಬಂದ ಮೇಲೆ ತೆಗೆಸಿದ, ಆದರೆ ಫೋಟೊ ಆರಿಸಿದವರು ಯಾರು, ಇದ್ರಾಗ ಛಲೋ ನಗಾಕತ್ತೀದಿ ಅಂದವರು ಯಾರು, ತಾಯಿಯ ಪಾತ್ರ ಪೇಲವ ಅಂತ ಇಲ್ಲೊಬ್ಬ ಬರೆದಿದ್ದಾನೆ, ಎಂಥ ಸುಡುಗಾಡು ಪೇಲವ, ಆ ತಾಯಿ ಮಗಳ ಮುಚ್ಚಿದ ಬಾಗಿಲ ಮುಂದೆ ಕೂತು ಏನು ಹೇಳಿದಳು ಅದನ್ನು ಬರೆಯಪ್ಪ, ಸರಿಯಾಗಿ ಆಗಲೇ ಪಾಪ್‌ಕಾರ್ನ್ ತರಲು ಎದ್ದು ಹೋಗಿದ್ದಳು ಲಲಿತಾ, ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು, ತಾಯಿ ಮಗಳು ತಬ್ಬಿಕೊಂಡಿದ್ದರು, ಎಲ್ಲ ವಿಮರ್ಶೆಯೂ ಅಲ್ಲಿಗೇ ಬಂದು ನಿಲ್ಲುತ್ತದೆ, ಮುಂದಿನದನ್ನು ತೆರೆಯ ಮೇಲೆ ನೋಡಿ.

ಅಂಜೂ, ಒಂದು ತುತ್ತು ಉಣ್ಣ ಬಾರವ್ವ, ಬಾಗಿಲ ಮುಂದೆ ಕೂತು ಅನ್ನುತ್ತಾಳೆ, ಇದಂತೂ ಸಿನಿಮಾದ ತಾಯಿ ಹೇಳಿದ ಆ ಮಾತಲ್ಲ, ಗೊತ್ತು, ಒಳಗಿನಿಂದ ದನಿ, ಅವ್ವ, ಅಂಗಳದಾಗ ನೋಡು, ಪಟಪಟ, ಎದ್ದು ನೋಡಿದರೆ ಒಣಹಾಕಿದ ಭತ್ತದ ರಾಶಿಯ ಮೇಲೆ ಅದೇ ಫ್ಲೆಕ್ಸು, ಗಾಳಿಗೆ ಎದ್ದೆದ್ದು ಬೀಳುವ ಅದೇ ನಗು, ಫೋನಿನಲ್ಲಿ ಪ್ರಭುರಾಜ, ಮಾರಿ ಕೆಳಗ ಮಾಡಿ ಹೊಚ್ಚ್ರಿ ಅಂದಿದ್ದೆ, ಮಳಿಗೆ ನೆಲ್ಲು ನೆಂದ್ರ ಹೆಂಗ, ಚಪ್ಪಲಿಯಿಲ್ಲದೆ ಓಡುತ್ತಾಳೆ, ಹಮಾಲ ಮೆಹಬೂಬಸಾಬ ಮೂಲೆ ಎಳೆಯುತ್ತಿದ್ದಾನೆ, ಫೋಟೊದ ನುಣುಪು ಮೈ ಮ್ಯಾಲಿದ್ರನ ನೀರು ಜಾರತೈತ್ರಿ ಅಕ್ಕಾರ, ದಪ್ಪ ಹನಿಗಳು, ಅವಳ ಕೈಯಲ್ಲೊಂದು ತುದಿ, ಎಳೆದರೆ ಭತ್ತ ತೋಯುತ್ತದೆ, ಬಿಟ್ಟರೆ, ಬಿಟ್ಟರೆ ಹಿಂದೆ ಕಿಟಕಿ, ಕಿಟಕಿಯಲ್ಲಿ ಅಂಜಲಿ ನಿಂತಿದ್ದಾಳೆ, ತಿರುಗಿ ನೋಡದೆಯೂ ಗೊತ್ತು, ಏನಾದರೂ ಹೇಳಬೇಕು, ಈಗಲೇ, ಆ ತಾಯಿ ಏನು ಹೇಳಿದಳೋ, ಹಾರೀತು ತಡೀರಿ ಅಂತ ಮೆಹಬೂಬಸಾಬ ಒಂದು ಕಲ್ಲು ತಂದು ನಡುವೆ ಇಡುತ್ತಾನೆ, ಪಟಪಟ ನಿಲ್ಲುತ್ತದೆ, ಕಲ್ಲು ಕೂತಿದ್ದು ಅಂಜಲಿಯ ಬಾಯಿಯ ಮೇಲೆ, ಕಲ್ಲಿನ ಎರಡೂ ಬದಿಗೆ ನಗು, ಕಲ್ಲು, ನಗು, ಕಲ್ಲು