ಹಿಂದಿನ ಸೀಟಿನ ಭಾರ

ಮೂವತ್ತೆಂಟು ವರ್ಷ ಹೊಲಿಗೆ ಯಂತ್ರ ರಿಪೇರಿ ಮಾಡಿದವರಿಗೆ ಲೋಕದ ಸಕಲ ಕಾಯಿಲೆಗೂ ಒಂದೇ ಮದ್ದು ಗೊತ್ತಿರುತ್ತದೆ, ಅದು ಎಣ್ಣೆ. ಬಾಗಿಲು ಕಿರುಗುಟ್ಟಿದರೆ ಎಣ್ಣೆ, ಕತ್ತರಿ ಬಿಗಿಯಾದರೆ ಎಣ್ಣೆ, ಕೊಡೆ ಬಿಚ್ಚದಿದ್ದರೆ ಎಣ್ಣೆ. ಉದ್ದ ಮೂತಿಯ ಪುಟ್ಟ ಡಬ್ಬಿಯೊಂದು ಸದಾ ಅಂಗಿಯ ಜೇಬಿನಲ್ಲಿ ಇರುತ್ತಿದ್ದುದರಿಂದ ಬೀದಿಯವರೆಲ್ಲ ಅವರನ್ನು ಎಣ್ಣೆ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹೊಸಬರು ಬೇರೇನೋ ಎಣ್ಣೆ ಅಂದುಕೊಂಡು ಹತ್ತಿರ ಬಂದು ಮೂಸಿ ನೋಡಿದ್ದೂ ಉಂಟು. ಪಾಪ, ಮೇಸ್ತ್ರಿ ಆ ಎಣ್ಣೆಯನ್ನು ಮುಟ್ಟಿದವರಲ್ಲ.

ಎರಡು ವರ್ಷದ ಹಿಂದೆ ಅಂಗಡಿ ಮುಚ್ಚಿದರು. ಅಂಗಡಿ ಮುಚ್ಚಿತು, ಕೈ ಸುಮ್ಮನಿರಬೇಕಲ್ಲ. ಮನೆಯ ಮುಂದೆ ನಿಂತಿದ್ದ ಹಳೆಯ ಮೋಟಾರ್ ಸೈಕಲ್ ಮೇಲೆ ಕಣ್ಣು ಬಿತ್ತು. ಅದರ ಮುಂದಿನ ಚಕ್ರದ ಬ್ರೇಕ್ ಡಿಸ್ಕ್ ಈಗಿನ ಗಾಡಿಗಳಂತೆ ಸ್ಟೀಲಿನದಲ್ಲ, ಬೀಡು ಕಬ್ಬಿಣದ್ದು, ಊಟದ ತಟ್ಟೆಯಷ್ಟು ಅಗಲ. ಒಂದು ಹನಿ ನೀರು ಬಿದ್ದರೆ ಸಾಕು, ಬೆಳಗಾಗುವುದರೊಳಗೆ ಕೆಂಪಗೆ ತುಕ್ಕು. ತುಕ್ಕು ಕಂಡ ಕಡೆ ಮೇಸ್ತ್ರಿ ಏನು ಮಾಡುತ್ತಾರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆ ಗಾಡಿಯ ಹಿಂದಿನ ಸೀಟಿನಲ್ಲಿ ಇಪ್ಪತ್ತಾರು ವರ್ಷ ಅವರ ಹೆಂಡತಿ ಕೂತಿದ್ದರು, ಎಡಗೈ ಗಂಡನ ಭುಜದ ಮೇಲೆ. ಈಗೊಂದು ವರ್ಷದಿಂದ ಸೀಟು ಖಾಲಿ. ಒಂದು ಭಾನುವಾರ ಇಬ್ಬರೂ ಹೆಂಡತಿಯ ಅಕ್ಕನ ಮನೆಗೆ ಹೊರಟಿದ್ದಾಗ ಸಿಗ್ನಲ್ಲಿನಲ್ಲಿ ಮೇಸ್ತ್ರಿ ಬ್ರೇಕ್ ಹಿಡಿದರು. ಗಾಡಿ ನಿಲ್ಲಲಿಲ್ಲ. ಮೆಲ್ಲಗೆ ಜಾರಿಕೊಂಡು ಹೋಗಿ ಮುಂದಿದ್ದ ಹಾಲಿನ ವ್ಯಾನಿಗೆ ಮುತ್ತಿಟ್ಟಿತು. ಯಾರಿಗೂ ಒಂದು ತರಚು ಗಾಯವೂ ಇಲ್ಲ. ಆದರೆ ವ್ಯಾನಿನವನು ಇಳಿದು ಬಂದಾಗ ಮೇಸ್ತ್ರಿಗೆ ನಾಚಿಕೆಯಾಗಿ, ಬಾಯಿಗೆ ಬಂದದ್ದನ್ನು ಅಂದುಬಿಟ್ಟರು: "ಹಿಂದೆ ಇಷ್ಟು ಭಾರ ಇದ್ರೆ ಗಾಡಿ ಹೇಗೆ ನಿಲ್ಲುತ್ತೆ ಹೇಳಿ."

ವ್ಯಾನಿನವನು ಹಲ್ಲು ಕಿರಿದ. ಹೆಂಡತಿ ಇಳಿದು, ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟಾಪಿನ ಕಡೆ ನಡೆದರು. ಅವತ್ತಿನಿಂದ ಪ್ರತಿ ಭಾನುವಾರ ಅವರು ಎರಡು ಬಸ್ಸು ಬದಲಾಯಿಸಿ ಅಕ್ಕನ ಮನೆಗೆ ಹೋಗುತ್ತಾರೆ. ಮೇಸ್ತ್ರಿ ಹಿಂದಿನ ಚಕ್ರದ ಬ್ರೇಕನ್ನೇ ನಂಬಿಕೊಂಡು ಒಬ್ಬರೇ ಆಮೆಯಂತೆ ಹೋಗಿ, ಅಲ್ಲಿ ಗೇಟಿನ ಬಳಿ ನಿಂತು ಹೆಂಡತಿಯ ಬಸ್ಸು ಕಾಯುತ್ತಾರೆ. ಭುಜ ಹಗುರವಾಗಿರುವುದು ಅವರಿಗೆ ಸ್ವಲ್ಪವೂ ಹಿಡಿಸಿರಲಿಲ್ಲ.

ಕೊನೆಗೆ ತಪ್ಪೆಲ್ಲ ಡಿಸ್ಕನ್ನು ಕಚ್ಚಿ ಹಿಡಿಯುವ ಬ್ರೇಕ್ ಪ್ಯಾಡಿನದೇ ಎಂದು ತೀರ್ಮಾನಿಸಿ, ಇರುವುದರಲ್ಲೇ ಗಟ್ಟಿಯಾದ ಪ್ಯಾಡ್ ಕೊಂಡು, ತಂಗಿಯ ಮಗಳ ವರ್ಕ್‌ಶಾಪಿಗೆ ಹೋದರು. ಬೈಕ್ ರಿಪೇರಿಯಲ್ಲಿ ಆಕೆಯದು ಎತ್ತಿದ ಕೈ. ಪೊಟ್ಟಣ ತಿರುಗಿಸಿ ನೋಡಿ ಹುಬ್ಬೇರಿಸಿದಳು.

"ಇದನ್ನ ಯಾವ ಗಾಡಿಗೆ ತಂದ್ರಿ ಮಾವ?"

"ಯಾವುದಕ್ಕೆ ಅಂದ್ರೆ? ನನ್ನದಕ್ಕೇ. ಇದಕ್ಕಿಂತ ಗಟ್ಟಿದು ಅಂಗಡೀಲೇ ಇಲ್ವಂತೆ."

"ಅದೇ ತೊಂದರೆ. ಇದು ಲೋಹದ ಪುಡಿ ಒತ್ತಿ ಮಾಡಿದ್ದು, ಸ್ಟೀಲ್ ಡಿಸ್ಕಿಗೆ ಸರಿ. ನಿಮ್ಮ ಬೀಡು ಕಬ್ಬಿಣ ಮೆತ್ತಗೆ, ಇದು ಅದನ್ನ ತಿಂದು ತೇಗುತ್ತೆ. ಆ ಡಿಸ್ಕ್ ಹೋದ್ರೆ ಇನ್ನೊಂದು ಸಿಗಲ್ಲ."

"ಮೆತ್ತನೆ ಪ್ಯಾಡ್ ಹಾಕಿದ್ರೆ ಬೇಗ ಸವೆದು ಹೋಗಲ್ವೇನೆ?"

"ಸವೀಲಿ ಬಿಡಿ, ಸವೆಯೋದಕ್ಕೇ ಅಲ್ವಾ ಪ್ಯಾಡ್ ಇರೋದು. ಇಬ್ಬರಲ್ಲಿ ಒಬ್ಬರಾದ್ರೂ ಮೆತ್ತಗಿರಬೇಕು ಮಾವ. ಬೇಕಿದ್ರೆ ಅತ್ತೇನ ಕೇಳಿ."

ಹಳೆಯ ಪ್ಯಾಡ್ ಬಿಚ್ಚಿ, ಹೆಬ್ಬೆರಳಿಂದ ಉಜ್ಜಿ, ಆ ಬೆರಳನ್ನು ಮಾವನ ಮೂಗಿನ ಮುಂದೆ ಹಿಡಿದಳು. "ಇದು ಎಣ್ಣೆ ಕುಡಿದು ಕೂತಿದೆ. ಗಾಡಿಯಲ್ಲಿ ಎಲ್ಲೂ ಎಣ್ಣೆ ಸೋರಿಲ್ಲ. ಎಲ್ಲಿಂದ ಬಂತು?"

ಮೇಸ್ತ್ರಿಯ ಕಿವಿ ಬಿಸಿಯಾಯಿತು. ಹಾಲಿನ ವ್ಯಾನು, ವ್ಯಾನಿನವನ ಹಲ್ಲು, ಹೆಂಡತಿಯ ಬೆನ್ನು, ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂದವು.

"ಯಾರಿಗೆ ಗೊತ್ತು," ಅಂದರು, ಜೇಬಿನ ಮೇಲೆ ಅಂಗೈ ಇಟ್ಟುಕೊಂಡು.

"ತುಕ್ಕು ಕಂಡ್ರೆ ಅದರ ಪಾಡಿಗೆ ಬಿಟ್ಬಿಡಿ. ನಾಲ್ಕು ಸಲ ಬ್ರೇಕ್ ಹಿಡಿದ್ರೆ ತಾನೇ ಹೋಗುತ್ತೆ. ಎಣ್ಣೆ ಮಾತ್ರ ಸೋಕಿಸಬೇಡಿ," ಎಂದು ಹೇಳಿ ಆಕೆ ಡಿಸ್ಕ್ ತೊಳೆದು, ತನ್ನ ಬಳಿಯಿದ್ದ ಮೆತ್ತನೆಯ ಪ್ಯಾಡ್ ಹಾಕಿಕೊಟ್ಟಳು. ಮೇಸ್ತ್ರಿಗೆ ನಿರಾಳವಾಯಿತು. ಗಾಡಿ ಸರಿಹೋಯಿತು, ಇನ್ನು ಹಳೆಯದನ್ನು ಕೆದಕುವುದು ಯಾಕೆ?

ಹೆಂಡತಿಯನ್ನು ನಾಲ್ಕು ದಿನ ಗೋಗರೆದರು. "ಹೊಸ ಪ್ಯಾಡ್ ಹಾಕ್ಸಿದೀನಿ, ಈ ಸಲ ನಿಲ್ಲುತ್ತೆ ಕಣೆ." ಅವರು ಮುಖ ನೋಡದೆ, "ನೋಡೋಣ," ಅಂದರು. ಅಷ್ಟೇ ಸಾಕಾಯಿತು. ಶನಿವಾರ ಸಂಜೆ ಮೇಸ್ತ್ರಿ ಗಾಡಿಯನ್ನು ಮದುಮಗನಂತೆ ತೊಳೆದು ನಿಲ್ಲಿಸಿದರು.

ಭಾನುವಾರ ಬೆಳಗ್ಗೆ ನೋಡಿದರೆ ಡಿಸ್ಕ್ ತುಂಬ ಕೆಂಪು ತುಕ್ಕು. ಬುದ್ಧಿ ಬಿಟ್ಟುಬಿಡು ಎಂದಿತು, ಆದರೆ ಕೈ ಯಾವತ್ತು ಬುದ್ಧಿಯ ಮಾತು ಕೇಳಿತ್ತು? ತಾವೇನು ಮಾಡುತ್ತಿದ್ದೇವೆ ಎಂದು ಮೇಸ್ತ್ರಿಗೆ ಹೊಳೆಯುವ ಹೊತ್ತಿಗೆ ಡಬ್ಬಿಯ ಮೂತಿ ತೊಟ್ಟಿಕ್ಕುತ್ತಿತ್ತು, ಎಣ್ಣೆ ಎಲ್ಲ ಕಡೆ ಹರಡಲಿ ಎಂದು ಚಕ್ರವನ್ನೂ ಎರಡು ಸುತ್ತು ತಿರುಗಿಸಿ ಆಗಿತ್ತು.

ಬಾಗಿಲು ತೆರೆಯಿತು. ಹೆಂಡತಿ ಒಳ್ಳೆಯ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದರು. ಆ ಚಪ್ಪಲಿ ಬಸ್ಸಿಗೆ ಹೋಗುವಾಗಿನದಲ್ಲ. ಪೆಟ್ರೋಲ್ ಇಲ್ಲ ಅನ್ನುವ ಸುಳ್ಳು ಮೇಸ್ತ್ರಿಯ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಹೊರಗೆ ಬಂದದ್ದು ಬೇರೆ.

"ಇವತ್ತು ಗಾಡಿ ಬೇಡ. ಬ್ರೇಕಿಗೆ ಎಣ್ಣೆ ಹಾಕ್ಬಿಟ್ಟೆ."

ಹೆಂಡತಿ ಬಗ್ಗಿ ಡಿಸ್ಕ್ ನೋಡಿದರು.

"ಅವತ್ತೂ ಹಾಕಿದ್ದೆ," ಅಂದರು ಮೇಸ್ತ್ರಿ, ನೆಲ ನೋಡುತ್ತ. "ನಿನ್ನ ಭಾರ ಅಲ್ಲ, ನನ್ನ ಎಣ್ಣೆ. ಆ ವ್ಯಾನಿನವನ ಮುಂದೆ ಹಾಗಂದಿದ್ದು ತಪ್ಪಾಯ್ತು."

"ಇಷ್ಟು ಹೇಳೋದಕ್ಕೆ ಒಂದು ವರ್ಷ ಬೇಕಾಯ್ತೇನ್ರೀ?" ಹೆಂಡತಿ ಕೈ ಚಾಚಿದರು. "ಕೊಡಿ ಆ ಡಬ್ಬೀನ."

ಕೊಟ್ಟರು. ಅದನ್ನು ಚೀಲಕ್ಕೆ ಹಾಕಿ ಜಿಪ್ ಎಳೆದುಕೊಂಡು ಹೆಂಡತಿ ಗಾಡಿಯ ಹಿಂದೆ ಹೋಗಿ ನಿಂತರು. "ನಡೀರಿ ವರ್ಕ್‌ಶಾಪಿಗೆ. ನೀವು ಹ್ಯಾಂಡಲ್ ಹಿಡ್ಕೊಳ್ಳಿ, ನಾನು ತಳ್ತೀನಿ. ನನ್ನ ಭಾರ ಒಂದು ಉಪಯೋಗಕ್ಕಾದ್ರೂ ಬರಲಿ."

ತಂಗಿಯ ಮಗಳು ಇಬ್ಬರೂ ಬೆವರುತ್ತ ಬಂದದ್ದನ್ನು ನೋಡಿ ಸೀದಾ ಕಪಾಟಿನಿಂದ ಇನ್ನೊಂದು ಜೊತೆ ಪ್ಯಾಡ್ ತೆಗೆದಳು. "ಎರಡು ಜೊತೆ ಇಟ್ಕೊಂಡಿದ್ದೆ. ಅವತ್ತೇ ನಿಮ್ಮ ಜೇಬು ನೋಡಿದೀನಿ ಮಾವ."

ಅದೇ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಮೇಸ್ತ್ರಿ ಉಸಿರು ಬಿಗಿಹಿಡಿದು ಬ್ರೇಕ್ ಒತ್ತಿದರು. ಗಾಡಿ ಬಿಳಿ ಗೆರೆಗೆ ಒಂದು ಗೇಣು ಹಿಂದೆಯೇ ಸದ್ದಿಲ್ಲದೆ ನಿಂತಿತು. ಭುಜದ ಮೇಲೆ ಎಡಗೈ ಇತ್ತು.

"ನಾನು ಸಣ್ಣ ಆಗಿದೀನಿ ಅನ್ಸುತ್ತೆ," ಅಂದರು ಹೆಂಡತಿ ಕಿವಿಯ ಬಳಿ.

ಹಸಿರು ದೀಪ ಬಂದು, ಹಿಂದಿನವರು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದರೂ ಮೇಸ್ತ್ರಿ ಇನ್ನೂ ಬ್ರೇಕ್ ಹಿಡಿದೇ ಇದ್ದರು.