ಯಾರೂ ಕೇಳದ ಮಾತು

ತಮ್ಮ ಫಕೀರಪ್ಪ ಗೋಡೆಯ ಗೂಟಕ್ಕೆ ಪಂಚೆ ಬಿಗಿಯುವವರೆಗೆ ಶಿವಬಸವ್ವ ಸತ್ತ ಗಂಡ ಸಿದ್ದಲಿಂಗಪ್ಪನ ಕುತ್ತಿಗೆಯನ್ನು ನೆಟ್ಟಗೆ ಹಿಡಿದಿದ್ದಳು. ಲಿಂಗವಂತರ ಹೆಣ ಕೂತೇ ಮಣ್ಣಿಗೆ ಹೋಗಬೇಕು. ಶುಕ್ರವಾರ ಪೇಟೆ ಎಂಬ ಕೇರಿಯ ಆ ವಾಡೆಯ ಮರಾಠಿ ನೆರೆಯವರಿಗೆ ಅದು ಗೊತ್ತಿರಲಿಲ್ಲ. ಬೆಳಿಗ್ಗೆಯೇ ಉದ್ದಕ್ಕೆ ಮಲಗಿಸಿ, ಸುಡಲೆಂದು ಬಿದಿರನ್ನೂ ತಂದಿಟ್ಟಿದ್ದರು. ಸೆಟೆದ ಮೊಣಕಾಲು ಮಡಚಲು ಈಗ ಇಬ್ಬರು ಬೇಕಾದರು.

ಅವಳು ಅಳಲಿಲ್ಲ. ೧೯೧೮ರ ಜ್ವರದಲ್ಲಿ ತೀರಿದ, ಇನ್ನೂ ಮಾತು ಬಾರದ ತಮ್ಮ ಎಂಟು ತಿಂಗಳ ಕೂಸನ್ನು ಮಣ್ಣು ಮಾಡಿ ಬಂದ ಸಿದ್ದಲಿಂಗಪ್ಪ ಕೈಕಾಲು ತೊಳೆದು ಕೆಲಸಕ್ಕೆ ಹೋಗಿದ್ದ. ಆಮೇಲೆ ಹದಿನೆಂಟು ವರ್ಷ ಅದರ ಹೆಸರೆತ್ತಲಿಲ್ಲ. ಕೂಸು ಅವನಿಗೆ ನೆನಪಿತ್ತೋ ಇಲ್ಲವೋ, ಅವಳು ಕೇಳಿರಲಿಲ್ಲ. ಇನ್ನು ಕೇಳುವುದಕ್ಕೆ ಅವನಿರಲಿಲ್ಲ.

ಮಧ್ಯಾಹ್ನ ಅವನ ಜೊತೆ ಸಂಶೋಧನ ಮಂದಿರದಲ್ಲಿ ಕೆಲಸಕ್ಕಿದ್ದ ಪ್ರಲ್ಹಾದ ಬಂದ. ಹೆಣಕ್ಕೆ ಕೈಮುಗಿದು, ತಲೆ ತಗ್ಗಿಸಿ ಮರಾಠಿಯಲ್ಲಿ ಹೇಳಿದ: 'ತಾಯಿ' ಎಂಬ ಶಬ್ದದ ಚೀಟಿಗಳ ಪೆಟ್ಟಿಗೆ ಮನೆಯಲ್ಲೇ ಉಳಿದಿದೆ, ಛಾಪಖಾನೆಯವರು ಕಾಯುತ್ತಿದ್ದಾರೆ.

*

ಸಿದ್ದಲಿಂಗಪ್ಪನದು ನಿಘಂಟಿಗಾಗಿ ಚೀಟಿ ನಕಲು ಮಾಡುವ ಕೆಲಸ. ಒಂದು ಚೀಟಿಗೆ ಒಂದು ಶಬ್ದ; ಸಂಸ್ಕೃತದ್ದು, ಪಾರಸಿಯದ್ದು, ಗ್ರೀಕರದ್ದು, ಜರ್ಮನರದ್ದು. ಇವೆಲ್ಲ ಒಂದೇ ಹೊಟ್ಟೆಯವು ಎಂದು ಒಮ್ಮೆ ಊಟಕ್ಕೆ ಕೂತಾಗ ಹೇಳಿದ್ದ. ಆ ಮೂಲದ ಜನ ಸಾವಿರಾರು ವರ್ಷಗಳ ಹಿಂದೆ ಎಲ್ಲೋ ದನ ಕಾಯ್ದುಕೊಂಡಿದ್ದು ದಿಕ್ಕಿಗೊಬ್ಬರಾಗಿ ಹೋದರು. ಅವರ ಮಾತು ಹೀಗಿದ್ದೀತೆಂದು ಪಂಡಿತರು ಊಹಿಸಿ ಬರೆದು, ಅದರ ಮುಂದೊಂದು ಚಿಕ್ಕೆ, ನಕ್ಷತ್ರದ ಗುರುತು, ಹಾಕುತ್ತಾರೆ.

"ಚಿಕ್ಕಿ ಯಾಕ್ರಿ?"

"ಆ ಮಾತು ಯಾರೂ ಕಿವಿಲೆ ಕೇಳಿಲ್ಲಂತ. ಆದ್ರ ಇತ್ತಂತ."

"ಸತ್ತವರ ಬಾಯಾಗ ಮಾತು ಇಡೂದಕ್ಕ ಪಗಾರ ಕೊಡ್ತಾರೇನ್ರಿ?"

ಅವನು ನಕ್ಕಿರಲಿಲ್ಲ.

*

ಪ್ರಲ್ಹಾದ ಪೆಟ್ಟಿಗೆ ತೆರೆದು ನೋಡುತ್ತ, ತಳದ ಒಂದು ಹಳದಿ ಚೀಟಿಯನ್ನು ಬೇರೆ ತೆಗೆದ. ಅಕ್ಷರ ಕನ್ನಡದ್ದು, ಕನ್ನಡ ಆ ಕುಲದ ಭಾಷೆಯೇ ಅಲ್ಲ, ಇಂಥ ತಪ್ಪು ಮಾಡುವವರಲ್ಲ ಅವರು ಎಂದು ಗೊಣಗಿ ಅದನ್ನು ಫಕೀರಪ್ಪನಿಗೆ ಕೊಟ್ಟು, ಪೆಟ್ಟಿಗೆ ಹೊತ್ತು ಹೋದ.

ಶಿವಬಸವ್ವನಿಗೆ ಓದು ಬಾರದು. ಏನದ ಎಂದು ಕೇಳಿದಳು.

"ಚಿಕ್ಕಿ ಹಾಕಿ, 'ಅವ್ವಾ' ಅಂತ ಬರದಾರ." ಫಕೀರಪ್ಪ ತಡೆದ. "ಕೆಳಗ, 'ಭೀಮವ್ವ, ಎಂಟು ತಿಂಗಳು' ಅಂತ ಅದ, ಅಕ್ಕಾ."

ಅವಳು ಚೀಟಿಯ ಮೇಲೆ ಬೆರಳಿಟ್ಟಳು.

"ಇನ್ನೊಮ್ಮೆ ಓದು."

"ಅವ್ವಾ."

"ಓದಬ್ಯಾಡ. ಕರಿ."

ಫಕೀರಪ್ಪ ನೆರೆದವರ ಮುಖ ನೋಡಿದ. ನರೆತ ಮೀಸೆಯ ಗಂಡಸು, ನಾಚಿಕೆಯಾಯಿತು. ಆದರೂ ಕೂಸಿನ ಹಾಗೆ ದನಿ ಸಣ್ಣ ಮಾಡಿಕೊಂಡು ಕರೆದ.

"ಓ," ಎಂದಳು ಶಿವಬಸವ್ವ. ಎದ್ದು, ಹಾಲೂಡುವ ಹೊತ್ತಾದವಳಂತೆ ಕುಪ್ಪಸದ ಗಂಟಿಗೆ ಕೈಹಾಕುತ್ತ, ಯಾರೂ ಇಲ್ಲದ ಒಳಕೋಣೆಯತ್ತ ಎರಡು ಹೆಜ್ಜೆ ಇಟ್ಟಳು.