ಇನ್ನೊಂದು ಪಾರ್ಟಿ

"ಎತ್ತಿ, ಎತ್ತಿ... ನನ್ನ ಕಡೆ ವಾಲಿಸಬೇಡಿ ಮಾರಾಯ್ರೆ, ಗೋಡೆ ಕಡೆ ವಾಲಿಸಿ," ಎಂದು ಚಿಕ್ಕಪ್ಪ ಕೂಗುತ್ತಿದ್ದರು. ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಆಸ್ಪತ್ರೆಯಿಂದ ವ್ಯಾನು ಹೊರಟಾಗಿತ್ತು, ಅದು ಬರುವುದರೊಳಗೆ ಹೆಣ ಮಲಗಿಸಲು ನಡುಮನೆ ಖಾಲಿಯಾಗಬೇಕಿತ್ತು. ಇಷ್ಟು ದೊಡ್ಡ ಸೋಫಾ ಈ ಬಾಗಿಲಿನಿಂದ ಒಳಗೆ ಬಂದದ್ದಾದರೂ ಹೇಗೆ ಎಂದು ಹೊರಗೆ ತಳ್ಳುತ್ತಿದ್ದ ಯಾರಿಗೂ ತಿಳಿಯದು. ತಿಳಿದಿದ್ದವರು ಒಬ್ಬರೇ, ಅವರು ವ್ಯಾನಿನಲ್ಲಿ ಬರುತ್ತಿದ್ದರು.

ಮಗಳು ಬಾಗಿಲ ಪಕ್ಕದ ಗಿಡ್ಡ ಸ್ಟೂಲನ್ನು ಕಾಲಿನಿಂದಲೇ ಆಚೆ ತಳ್ಳಿದಳು. ಮೇಲಿದ್ದ ಚಪ್ಪಲಿಗಳು ದಡಬಡ ಉರುಳಿದವು. ಮೂರು ವರ್ಷದಿಂದ ಆ ಸ್ಟೂಲು ಮನೆಯವರ ಚಪ್ಪಲಿ ಹೊತ್ತುಕೊಂಡು ಅಲ್ಲೇ ಬಿದ್ದಿತ್ತು.

"ಅದನ್ನ ಒದೀಬೇಡ್ವೇ. ನಿಮ್ಮಪ್ಪ ಕೈಯಾರೆ ಮಾಡಿದ್ದು," ಎಂದಳು ತಾಯಿ ಒಳಗಿನಿಂದ. ಮಂಡಿ ಹೋದ ಹೆಂಗಸು, ಕುರ್ಚಿ ಬಿಟ್ಟು ಏಳಬೇಕಾದರೆ ಇನ್ನೊಬ್ಬರ ತೋಳು ಬೇಕು. ಅಳುವಿನ ನಡುವೆಯೂ ಕಣ್ಣು ಮಾತ್ರ ಮನೆಯ ಸಾಮಾನಿನ ಮೇಲೇ ಇತ್ತು.

ಅಪ್ಪನ ವಿಷಯಕ್ಕೆ ಮಾತಾಡುವುದನ್ನು ಮಗಳು ಬಿಟ್ಟಿದ್ದಳು. ವಾರಕ್ಕೊಮ್ಮೆ ಬರುವಳು, ಅಮ್ಮನ ಮಾತ್ರೆಗಳನ್ನು ಡಬ್ಬಿಗೆ ತುಂಬುವಳು, ಅಪ್ಪನಿಗೆ "ಊಟ ಆಯ್ತಾ" ಎನ್ನುವಳು. ಅವರು "ಆಯ್ತು" ಎನ್ನುವರು. ಅಲ್ಲಿಗೆ ಮುಗಿಯಿತು. ತಂದೆ ಮಗಳ ನಡುವೆ ಏನೋ ಇದೆ ಎಂದು ಎಲ್ಲರಿಗೂ ಗೊತ್ತಿತ್ತು, ಏನೆಂದು ಯಾರಿಗೂ ಗೊತ್ತಿರಲಿಲ್ಲ. ಅವಳಿಗೂ ಅರ್ಧವೇ ಗೊತ್ತಿತ್ತು. ಅಪ್ಪ ತನಗೊಂದು ಮೋಸ ಮಾಡಿದ್ದರು. ಮಾಡುವಾಗ ಅದು ತಾನೆಂದು ಅವರಿಗೆ ತಿಳಿದಿತ್ತೇ, ಇಲ್ಲವೇ? ಒಂದು ದಿನ ಎದುರಿಗೆ ಕೂರಿಸಿ ಕೇಳಿಯೇ ಬಿಡುವುದೆಂದು ಆ ಪ್ರಶ್ನೆಯನ್ನು ಕಾಪಾಡಿಕೊಂಡು ಬಂದಿದ್ದಳು. ನಿನ್ನೆ ಊಟಕ್ಕೆ ಕೂತ ಅಪ್ಪ ತಟ್ಟೆಯ ಮೇಲೇ ಬಗ್ಗಿದವರು ಮತ್ತೆ ಏಳಲಿಲ್ಲ. ಪ್ರಶ್ನೆ ಅವಳ ಬಳಿಯೇ ಉಳಿಯಿತು.

ಹೊರಗೆ ಗೇಟಿನ ಬಳಿ ಅವಳ ಗಂಡ ಪಕ್ಕದ ಮನೆಯವರ ಜೊತೆ ನಿಂತಿದ್ದ. ಬೆನ್ನ ಹಿಂದೆ ಅವನ ಎತ್ತರದ ಬಿಳಿ ಕಾರು.

"ಗಾಡಿ ಹೊಸದರ ಹಾಗೇ ಇಟ್ಟಿದ್ದೀರಲ್ರೀ," ಎಂದರು ಪಕ್ಕದ ಮನೆಯವರು. ಸಾವಿನ ಮನೆಯಲ್ಲಿ ಏನಾದರೊಂದು ಆಡಬೇಕಲ್ಲ.

"ಅಯ್ಯೋ, ಇದರದ್ದೊಂದು ದೊಡ್ಡ ಕತೆ. ಒಬ್ಬ ಕಂಟ್ರಾಕ್ಟರ್ ಬಾಯಿಗೆ ಹಾಕ್ಕೊಳ್ಳೋನಿದ್ದ. ಕೊನೇ ಗಳಿಗೇಲಿ ನಾನು ಕಿತ್ಕೊಂಡ್ಬಂದೆ..."

ಮದುವೆ ಮನೆಯಿಂದ ಆಸ್ಪತ್ರೆಯ ವರಾಂಡದವರೆಗೆ ಅವನು ಈ ಕತೆ ಹೇಳದ ಜಾಗವಿರಲಿಲ್ಲ. ಇವತ್ತೂ ಹೇಳಿದ.

*

ಮೂರು ವರ್ಷದ ಹಿಂದೆ ಕಾರು ಕೊಂಡ ಆ ಶೋರೂಮಿನ ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಚಪ್ಪಲಿ ಹೊರಗೆ ಬಿಡಬೇಕೇನೋ ಎಂದು ಅವಳಿಗೆ ಅನುಮಾನವಾಗಿತ್ತು. ಟೈ ಕಟ್ಟಿದ ಸೇಲ್ಸ್‌ಮನ್ ಮೊದಲು ನೀರಿನ ಬಾಟಲಿ ಕೊಟ್ಟ, ಆಮೇಲೆ ನಗು ಕೊಟ್ಟ, ಆಮೇಲೆ ಅವಳನ್ನು ಬಿಟ್ಟು ಅವಳ ಗಂಡನ ಕಡೆ ತಿರುಗಿದ. ಅವಳು ಕೇಳಿದ ಪ್ರಶ್ನೆಗೂ ಉತ್ತರ ಗಂಡನಿಗೇ ಹೋಗುತ್ತಿತ್ತು.

ಕಾರು ಬೇಕಾಗಿದ್ದುದು ಅಮ್ಮನಿಗಾಗಿ. ಬಸ್ಸು ಹತ್ತಲಾರದ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ಒಮ್ಮೊಮ್ಮೆ ನಾಲ್ಕು ಜನರ ಮುಖ ತೋರಿಸಬೇಕು. ಗಂಡನ ಕಣ್ಣು ಬಿದ್ದದ್ದು ಎತ್ತರದ ಬಿಳಿ ಗಾಡಿಯ ಮೇಲೆ.

"ಅಮ್ಮನ್ನ ಒಂದ್ಸಲ ಕರ್ಕೊಂಡ್ಬಂದು ಕೂರಿಸಿ ನೋಡೋಣ ರೀ. ಎತ್ತರ ಜಾಸ್ತಿ ಅನ್ಸುತ್ತೆ," ಎಂದಳು.

"ಖಂಡಿತ ಮೇಡಂ," ಎಂದ ಸೇಲ್ಸ್‌ಮನ್, ಗಂಡನನ್ನು ನೋಡುತ್ತ. "ಆದ್ರೆ ನಾಳೆ ಗಾಡಿ ಇರುತ್ತೆ ಅಂತ ಸುಳ್ಳು ಹೇಳಲ್ಲ ಸರ್. ಈ ಬಣ್ಣದಲ್ಲಿ ಉಳಿದಿರೋದು ಇದೊಂದೇ. ಇನ್ನೊಂದು ಪಾರ್ಟಿ, ಯಾರೋ ಕಂಟ್ರಾಕ್ಟರ್, ಬೆಳಗ್ಗೆಯಿಂದ ಫೋನ್ ಮೇಲೆ ಫೋನು. ಬೇಕಾದ್ರೆ ನೀವೇ ಕೇಳಿ."

ನಂಬರು ಹಚ್ಚಿ, ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದ. ಇಲ್ಲೊಂದು ಫ್ಯಾಮಿಲಿ ಬಂದಿದೆ ಸರ್, ಎಂದು ಅವನು ಶುರು ಮಾಡುವಷ್ಟರಲ್ಲೇ ಆ ಕಡೆಯಿಂದ ಕೊಬ್ಬಿದ, ಗೊಗ್ಗರು ದನಿಯೊಂದು ಗದರಿತು:

"ಏಯ್, ಅದು ನಂದು! ಯಾರಿಗೂ ಕೊಡ್ಬೇಡ!"

ಅದು ಅಪ್ಪ ಹೇಳುತ್ತಿದ್ದ ಕತೆಯ ಕರಡಿ ಸಾಹುಕಾರನ ದನಿ. ಕಾಡಿನ ಜೇನೆಲ್ಲ ತನ್ನದೇ ಎನ್ನುವ ಕರಡಿ ಸಾಹುಕಾರ ಅವಳ ಬಾಲ್ಯದ ಹಾಸಿಗೆಯ ಪಕ್ಕದಲ್ಲಿ ಇದೇ ಮಾತನ್ನು ಇದೇ ದನಿಯಲ್ಲಿ ಗದರಿ ಹೊದಿಕೆ ಎಳೆಯುತ್ತಿದ್ದ. ಆಗ ಅವಳು ಕಿರುಚಿ ನಗುತ್ತಿದ್ದಳು, ಅಪ್ಪನೂ ನಗುತ್ತಿದ್ದರು. ಅಪ್ಪ ಗಿರಣಿಯ ಟೆಲಿಫೋನ್ ಆಪರೇಟರ್. ಯಾರ ದನಿ ಬೇಕಾದರೂ ಅವರ ಗಂಟಲಲ್ಲಿ ಕೂತಿತ್ತು. ಗಿರಣಿಯವರು ಆಪರೇಟರನ್ನೇ ತೆಗೆದುಹಾಕಿದ ಮೇಲೆ ಎಷ್ಟೋ ಕಾಲ ಮನೆಯಲ್ಲಿ ಕೂತಿದ್ದರು, ಮತ್ತೆ ಎಲ್ಲೋ "ಒಂದು ಆಫೀಸಿನಲ್ಲಿ ಫೋನ್ ನೋಡ್ಕೊಳ್ಳೋ ಕೆಲಸ" ಸಿಕ್ಕಿತೆಂದು ಹೊರಟಿದ್ದರು. ಯಾವ ಆಫೀಸು ಎಂದು ಯಾರೂ ಕೇಳಿರಲಿಲ್ಲ. ಕೂತ ಮನುಷ್ಯ ಎದ್ದು ಇಸ್ತ್ರಿ ಅಂಗಿ ಹಾಕಿಕೊಂಡು ಹೋದನಲ್ಲ, ಅದೇ ಸಾಕಾಗಿತ್ತು.

ಅವಳು ಫೋನಿನ ಹತ್ತಿರಕ್ಕೆ ಬಗ್ಗಿ, ಬೇಕೆಂದೇ ಗಟ್ಟಿಯಾಗಿ ಹೇಳಿದಳು: "ಅಮ್ಮನಿಗೆ ಮಂಡಿ ನೋವು ರೀ. ಇದನ್ನ ಹತ್ತಕ್ಕಾಗಲ್ಲ."

ಫೋನು ಸುಮ್ಮನಾಯಿತು. ನನಗೆ ಈ ಗಾಡಿ ಬೇಡ, ಎಂದು ಅಪ್ಪ ಅಂದಿದ್ದರೆ ಸಾಕಿತ್ತು. ಕರಡಿಯ ದನಿಯಲ್ಲೇ ಹೇಳಬಹುದಿತ್ತು.

"ಅರ್ಧ ಗಂಟೇಲಿ ಬರ್ತಿದೀನಿ," ಎಂದಿತು ಕರಡಿ. "ಗಾಡಿ ಅಲ್ಲೇ ಇರ್ಬೇಕು."

"ಎಲ್ಲಿ ಸೈನ್ ಮಾಡ್ಬೇಕು ಹೇಳಿ," ಎಂದ ಗಂಡ.

ಅದು ನಮ್ಮಪ್ಪನ ದನಿ ಎಂದು ಅವಳೂ ಹೇಳಲಿಲ್ಲ. ಗಂಡನ ಮುಂದೆ, ಆ ಟೈ ಕಟ್ಟಿದವನ ಮುಂದೆ ಹೇಗೆ ಹೇಳುವುದು? ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಳು.

ಕಾರು ತವರಿನ ಗೇಟಿಗೆ ಬಂದ ದಿನ ಅಮ್ಮ ಒಂದು ಕಾಲೆತ್ತಿ ನೋಡಿದಳು, ಬಾಗಿಲು ಹಿಡಿದು ನೋಡಿದಳು, ನಕ್ಕುಬಿಟ್ಟಳು. "ಇದಕ್ಕೆ ಏಣಿ ಬೇಕು ಕಣೇ." ಅಪ್ಪ ಒಳಗೆ ಹೋಗಿ ಗಿಡ್ಡದೊಂದು ಮರದ ಸ್ಟೂಲು ತಂದರು. ಹೊಸದು, ಇನ್ನೂ ವಾರ್ನಿಷಿನ ವಾಸನೆ. "ಇದರ ಮೇಲೆ ಕಾಲಿಟ್ಟು ಹತ್ತಲಿ. ಗಾಡೀಲೇ ಇಟ್ಕೊಳ್ಳಿ." ಎತ್ತರದ ಗಾಡಿಯೆಂದು ಗಂಡ ಫೋನಿನಲ್ಲಿ ಹೇಳಿರಬೇಕು ಎಂದುಕೊಂಡಳು.

"ಇದನ್ನೆಲ್ಲ ಹೊತ್ಕೊಂಡು ತಿರುಗಕ್ಕಾಗಲ್ಲ," ಎಂದಳು.

ಅವರು ಸ್ಟೂಲನ್ನು ಬಾಗಿಲ ಪಕ್ಕಕ್ಕಿಟ್ಟರು. ಮರುದಿನವೇ ಯಾರೋ ಅದರ ಮೇಲೆ ಚಪ್ಪಲಿ ಬಿಟ್ಟರು. ಅಮ್ಮ ಆ ಕಾರಿನಲ್ಲಿ ಒಂದು ದಿನವೂ ಕೂರಲಿಲ್ಲ.

*

ಹೆಣ ಬಂದು, ಅಳು ಒಂದು ಸುತ್ತು ಮುಗಿದು, ಜನ ಗಡಿಯಾರ ನೋಡತೊಡಗಿದ ಹೊತ್ತಿಗೆ ಒಬ್ಬಾತ ಗೇಟು ತೆರೆದು ಬಂದ. ಅಪ್ಪನ ಮೊಬೈಲಿನಲ್ಲಿ "ಆಫೀಸ್" ಎಂದಿದ್ದ ನಂಬರಿಗೆ ಚಿಕ್ಕಪ್ಪ ಸುದ್ದಿ ಮುಟ್ಟಿಸಿದ್ದರು. ಟೈ ಇರಲಿಲ್ಲ, ಹೊಟ್ಟೆ ಸ್ವಲ್ಪ ಬಂದಿತ್ತು. ಮಗಳಿಗೆ ಮಾತ್ರ ಕ್ಷಣದಲ್ಲೇ ಗುರುತು ಸಿಕ್ಕಿತು, ಶೋರೂಮಿನ ಸೇಲ್ಸ್‌ಮನ್. ಆತ ಒಳಗೆ ಹೋಗಿ ಕೈ ಮುಗಿದು, ಹೊರಗೆ ಬಂದು, ಅವಳು ಒಬ್ಬಳೇ ನಿಂತಿದ್ದು ಕಂಡು ಮೇಜಿನ ಮೇಲಿದ್ದ ನೀರಿನ ಬಾಟಲಿ ಎತ್ತಿ ಕೊಟ್ಟ. ಅಭ್ಯಾಸ ಎಲ್ಲಿ ಹೋಗುತ್ತದೆ?

"ನೀವು ಯಜಮಾನ್ರಿಗೆ...?"

"ಮಗಳು."

"ನಾವೆಲ್ಲ ಅವರನ್ನ ಯಜಮಾನ್ರು ಅಂತಲೇ ಕರೀತಿದ್ವಿ ಮೇಡಂ. ಅಂಥಾ ಕಲಾವಿದ ಇನ್ನು ಸಿಗಲ್ಲ. ಫೋನಲ್ಲಿ ಒಂದು ದಿನ ಡಾಕ್ಟ್ರು, ಒಂದು ದಿನ ರಿಟೈರ್ಡ್ ಜಡ್ಜು." ಹೇಳುತ್ತಲೇ ಅವನ ಕಣ್ಣು ಕಾರಿನ ಮೇಲೆ ಬಿತ್ತು. ಮುಖ ಅರಳಿತು. "ಅರೆ, ಇದು ನಾನೇ ಕೊಟ್ಟ ಗಾಡಿ! ನಮ್ಗೆ ಮುಖ ಮರ್ತೋಗುತ್ತೆ, ಗಾಡಿ ಮರೆಯಲ್ಲ. ಇದಂತೂ ಯಜಮಾನ್ರದೇ ಕೇಸು. ಯಾರದ್ದು ಇದು, ನೆಂಟರದ್ದಾ?"

"ನೆಂಟರದ್ದು," ಎಂದಳು. "ಯಜಮಾನ್ರ ಕೇಸು ಅಂದ್ರೆ?"

"ಅವರು ಮಹಡಿ ಮೇಲೆ ಗಾಜಿನ ಹಿಂದೆ ಕೂರೋರು. ಕೆಳಗೆ ಯಾರು ಬಂದ್ರು, ಹೇಗೆ ನಿಂತ್ರು, ಎಲ್ಲ ಕಾಣ್ಸುತ್ತೆ. ಯಾರನ್ನ ಹಿಡೀಬೇಕು ಅಂತ ಮೊದಲೇ ನಂಗೆ ಫೋನ್ ಮಾಡಿ ಹೇಳೋರು. ಈ ಗಾಡಿಯವರು ಬಂದಾಗ ಹೇಳಿದ್ದು ಇನ್ನೂ ನೆನಪಿದೆ ನೋಡಿ. 'ಆ ಹೆಣ್ಣುಮಗಳು ಬಗ್ಗೋಳಲ್ಲ. ಗಂಡನ್ನ ಹಿಡ್ಕೋ. ಬೇರೆಯವರಿಗೆ ಸಿಕ್ಬಿಡುತ್ತೆ ಅಂದ್ರೆ ಅವನು ತಡ್ಕೊಳ್ಳಲ್ಲ.' ಅಷ್ಟು ದೂರದಿಂದ, ಮೇಡಂ! ಮನೇಲೇ ಸಾಕಿದ ಹಾಗೆ..."

"ಆ ಹೆಣ್ಣುಮಗಳು ನಾನು," ಎಂದಳು.

ಅವನು ಅವಳ ಮುಖ ನೋಡಿದ, ಕಾರು ನೋಡಿದ, ಒಳಗೆ ಮಲಗಿದ್ದವರ ಕಡೆ ನೋಡಿದ.

"ಒಂದು ಮಾತು, ಮಗಳು ಅಂತ ಅಂದಿದ್ರೆ ಮೇಡಂ, ನಾನೇ..."

"ನೀವೇ ಏನ್ ಮಾಡ್ತಿದ್ರಿ?"

ಅವನು ತಲೆ ತಗ್ಗಿಸಿದ. ಮಾರಾಟದ ಮನುಷ್ಯನಾದರೂ ಆ ಗಳಿಗೆಯಲ್ಲಿ ಸುಳ್ಳು ಹುಟ್ಟಲಿಲ್ಲ. "ಗೊತ್ತಿಲ್ಲ. ಫೋನಲ್ಲಿ ಅವರು ನಡುವೆ ಸುಮ್ಮನಾದ್ರಲ್ಲ, ಆಗ ನಾನೇ ಮೇಲೆ ನೋಡಿ ಮಾತಾಡಿ ಅಂತ ಸನ್ನೆ ಮಾಡಿದ್ದೆ. ಮಾತಾಡಿದ್ರು." ಕಾರಿನ ಕಡೆ ಕೈ ತೋರಿಸಿ ಮತ್ತೆ ಹೇಳಿದ, "ಅವತ್ತು ಶೋರೂಮ್ ಬಾಗಿಲು ಹಾಕೋ ಹೊತ್ತಿಗೆ ಕೆಳಗೆ ಬಂದ್ರು. ಈ ಗಾಡಿ ಬಾಗಿಲು ತೆಗೆದು, ನೆಲದಿಂದ ಗೇಣು ಹಾಕಿ ಅಳೀತಾ ಇದ್ರು. ಏನ್ ಯಜಮಾನ್ರೇ ಅಂದೆ. 'ಎತ್ತರ ಜಾಸ್ತಿ ಆಯ್ತು ಕಣಯ್ಯಾ' ಅಂದ್ರು. ಅಷ್ಟೇ."

ಅವಳು ಬಾಗಿಲ ಕಡೆ ತಿರುಗಿದಳು. ಸ್ಟೂಲು ಮತ್ತೆ ಯಥಾಸ್ಥಾನಕ್ಕೆ ಬಂದಿತ್ತು, ಬಂದವರೆಲ್ಲ ಅದರ ಮೇಲೂ ಸುತ್ತಲೂ ಚಪ್ಪಲಿ ಬಿಟ್ಟಿದ್ದರು. ಕೇಳಬೇಕೆಂದಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಸಿಗದಿದ್ದರೇ ಚೆನ್ನಾಗಿತ್ತು. ಅಪ್ಪ ಗೊತ್ತಿದ್ದೇ ಮಾಡಿದ್ದರು. ಮಾಡಿ, ಮನೆಗೆ ಬಂದು, ಮರ ಕೊಯ್ದು ಮೊಳೆ ಹೊಡೆದು ಕೂತಿದ್ದರು. ಒಂದು ಮಾತಿನಲ್ಲಿ ಮುಗಿಯುವುದಕ್ಕೆ ಸ್ಟೂಲು ಮಾಡುವ ಮನುಷ್ಯನನ್ನು ಏನೆಂದು ಬೈಯುವುದು? ಅದನ್ನೂ ಬೇಡವೆಂದು ಅಮ್ಮನನ್ನು ಮೂರು ವರ್ಷ ಮನೆಯಲ್ಲೇ ಕೂರಿಸಿದವಳನ್ನು ಏನೆಂದು ಬೈಯುವುದು?

"ಯಾರಂತೆ ಅವರು?" ಎಂದ ಗಂಡ, ಸೇಲ್ಸ್‌ಮನ್ ಹೋದ ಮೇಲೆ. "ಎಲ್ಲೋ ನೋಡಿದ ಹಾಗಿದೆ."

"ಅಪ್ಪನ ಆಫೀಸಿನವರು," ಎಂದಳು.

*

ವ್ಯಾನಿನ ಡ್ರೈವರ್ ಹಾರ್ನ್ ಒತ್ತಿ ಕಿಟಕಿಯಿಂದ ತಲೆ ಹೊರಹಾಕಿದ. "ಸ್ವಲ್ಪ ಬೇಗ ಮಾಡ್ಕೊಳ್ಳಿ. ಚಿತಾಗಾರದಲ್ಲಿ ನಮ್ಮ ಹಿಂದೇನೇ ಇನ್ನೊಂದು ಪಾರ್ಟಿ ಇದೆ. ತಡವಾದ್ರೆ ಅವರನ್ನ ಒಳಗೆ ಬಿಟ್ಬಿಡ್ತಾರೆ."

"ಹಾಂ, ಹಾಂ, ಬಂದ್ವಿ," ಎಂದು ಗಂಡ ತಬ್ಬಿಬ್ಬಾಗಿ ಓಡಾಡಿದ. ಅವಳಿಗೆ ನಗು ಒತ್ತರಿಸಿ ಬಂತು, ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆಂದು ಚಿಕ್ಕಪ್ಪ ಬೆನ್ನು ಸವರಿದರು.

"ನಾನೂ ಬರ್ತೀನಿ," ಎಂದಳು ತಾಯಿ. ಬೇಡವೆಂದು ನಾಲ್ಕು ಜನ ಹೇಳಿದರೂ ಕೇಳಲಿಲ್ಲ. ಕಾರಿನವರೆಗೆ ಬಂದವಳು ತೆರೆದ ಬಾಗಿಲಿನ ಮುಂದೆ ನಿಂತುಬಿಟ್ಟಳು. ಅಳಿಯ ಎತ್ತಲು ಬಂದರೆ, "ಮುಟ್ಬೇಡಪ್ಪ, ಎತ್ತಿದ್ರೆ ಸೊಂಟ ಹಿಡ್ಕೊಳ್ಳುತ್ತೆ" ಎಂದಳು.

ಮಗಳು ಓಡಿ ಹೋಗಿ ಚಪ್ಪಲಿಗಳನ್ನೆಲ್ಲ ಕೈಯಿಂದಲೇ ಬಾಚಿ ಎಸೆದು ಸ್ಟೂಲನ್ನು ತಂದಳು. ಸೆರಗಿನಿಂದ ಒರೆಸಿ ಬಾಗಿಲ ಕೆಳಗಿಟ್ಟಳು. ತಾಯಿ ಒಂದು ಕಾಲು ಅದರ ಮೇಲಿಟ್ಟಳು, ಇನ್ನೊಂದನ್ನು ಒಳಗಿಟ್ಟಳು, ಕೂತೇಬಿಟ್ಟಳು.

"ಎಷ್ಟು ಸಲೀಸಾಯ್ತಲ್ಲೇ," ಎಂದಳು. "ಅವರು ಅಳತೆ ಮಾಡಿದ ಹಾಗೆ ಮಾಡಿದಾರೆ ನೋಡು."

ವ್ಯಾನು ಮತ್ತೆ ಹಾರ್ನ್ ಹೊಡೆಯಿತು. ಬಾಗಿಲುಗಳು ಹಾಕಿಕೊಂಡವು. ತಾಯಿ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದಳು. ಇಷ್ಟು ಎತ್ತರದಿಂದ ಊರನ್ನು ಅವಳು ನೋಡಿರಲಿಲ್ಲ.

ಚಿತಾಗಾರದ ಅಂಗಳದಲ್ಲಿ ಮಗಳು ಅವಳ ಕಡೆಯ ಬಾಗಿಲು ತೆರೆದು ಕೈ ಚಾಚಿದಳು. ತಾಯಿ ಕಾಲು ಹೊರಗೆ ಹಾಕಿ, ಕೆಳಗೆ ನೋಡಿ ಕೇಳಿದಳು:

"ಸ್ಟೂಲು ಎಲ್ಲೇ?"

ಸ್ಟೂಲು ಮನೆಯ ಗೇಟಿನ ಮುಂದೆ, ಇಟ್ಟಲ್ಲೇ ಉಳಿದಿತ್ತು.

"ಬನ್ನಿ, ಬನ್ನಿ," ಎಂದು ಒಳಗಿನಿಂದ ಯಾರೋ ಕರೆದರು. ಗಂಡ ಆಗಲೇ ಒಳಗೆ ಹೋಗಿದ್ದ. ಗೇಟಿನಲ್ಲಿ ಮುಂದಿನವರ ವ್ಯಾನು ಬಂದು ನಿಂತಿತು.

"ನೀನು ಹೋಗು," ಎಂದಳು ತಾಯಿ. "ನಂಗೆ ಇಲ್ಲಿಂದ್ಲೇ ಕಾಣ್ಸುತ್ತೆ."

ಮಗಳು ಚಿತಾಗಾರದ ಬಾಗಿಲವರೆಗೆ ಹೋಗಿ ತಿರುಗಿ ನೋಡಿದಳು. ಬಿಳಿ ಕಾರಿನ ಸೀಟಿನ ಅಂಚಿನಲ್ಲಿ ಅಮ್ಮ ಹಿಡಿಕೆ ಬಿಗಿಹಿಡಿದು ಕೂತಿದ್ದಳು. ಒಂದು ಚಪ್ಪಲಿ ಕಳಚಿ ಕೆಳಗೆ ಬಿದ್ದಿತ್ತು. ಬರಿಗಾಲಿನ ಬೆರಳುಗಳು ಅದನ್ನು ಹುಡುಕುತ್ತ, ನೆಲಕ್ಕಿಂತ ಒಂದು ಗೇಣು ಮೇಲೆ ಗಾಳಿಯಲ್ಲಿ ಆಡುತ್ತಿದ್ದವು.